ಬಚ್ಚಲ ಹಂಡೆಗೆ ಯಾವ ಒಲೆ? ಕಡಿಮೆ ಖರ್ಚಿನ ಸೌದೆ ಒಲೆಯ ಆಯ್ಕೆ

ಮಲೆನಾಡು, ಕೊಡಗು ಮತ್ತು ಕರಾವಳಿಯ ರೈತ ಕುಟುಂಬಗಳಲ್ಲಿ ಬಚ್ಚಲ ಒಲೆ ಹಚ್ಚದ ದಿನವಿಲ್ಲ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗಂತೂ ಅದು ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಲೇ ಇರುತ್ತದೆ. ಗದ್ದೆಯಿಂದ ನೆನೆದು ಬಂದವರಿಗೆ ಸ್ನಾನದ ನೀರು, ಬಾಣಂತಿಗೆ ಮತ್ತು ಮಗುವಿಗೆ ಬಿಸಿನೀರು, ದನದ ಬಾನಿಗೆ ಒಂದು ಚೊಂಬು ಬಿಸಿ, ಒದ್ದೆ ಕಂಬಳಿ ಒಣಗಿಸಲು ಒಂದಿಷ್ಟು ಕಾವು, ಇಷ್ಟೂ ಕೆಲಸ ಆ ಒಂದು ಒಲೆಯದೇ. ಚಳಿದೇಶಗಳಲ್ಲಿ ಕೋಣೆ ಕಾಯಿಸಲು ಸೌದೆಯ ಕುಲುಮೆ ಇಡುತ್ತಾರೆ. ಕಾಶ್ಮೀರದ ಮನೆಗಳಲ್ಲಿ ಬುಖಾರಿ ಎಂಬ ತಗಡಿನ ಒಲೆ ಇದೆ. ನಮ್ಮಲ್ಲಿ ಆ ಸ್ಥಾನ ಹಂಡೆಯ ಒಲೆಗೆ ಸೇರಿದ್ದು.

ಅಡಿಗೆ ಮನೆಗೆ ಈಗ ಬಹುಪಾಲು ಕಡೆ ಗ್ಯಾಸ್ ಬಂದಿದೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡ ಕುಟುಂಬಗಳಿಗೂ ಸಂಪರ್ಕ ದೊರೆತಿದೆ. ಆದರೆ ನೂರು ಲೀಟರ್ ನೀರನ್ನು ಗ್ಯಾಸಿನಲ್ಲಿ ಕಾಯಿಸುವವರು ಹಳ್ಳಿಗಳಲ್ಲಿ ವಿರಳ. ಹೀಗಾಗಿ ಅನೇಕ ಮನೆಗಳಲ್ಲಿ ಈಗ ಅತಿ ಹೆಚ್ಚು ಸೌದೆ ತಿನ್ನುವುದು ಬಚ್ಚಲ ಒಲೆ.

ಬೇಸಾಯಶಾಸ್ತ್ರ ಕಲಿಸುವವನು ಒಲೆಯ ವಿಷಯ ಏಕೆ ಬರೆಯುತ್ತಾನೆ ಎಂದು ಕೆಲವರು ಕೇಳಬಹುದು. ಕಾರಣ ಸರಳ. ಸೌದೆ ಬರುವುದು ಸೊಪ್ಪಿನಬೆಟ್ಟದಿಂದ, ಬೇಲಿಯಿಂದ, ತೋಟದ ಅಂಚಿನಿಂದ. ಒಲೆಗೆ ಹೋದ ಕೊಂಬೆ ಮರುವರ್ಷ ಹಸಿರು ಸೊಪ್ಪಾಗಲೀ ದರಗಾಗಲೀ ಕೊಡುವುದಿಲ್ಲ. ಸೌದೆ ಹೊರುವುದರಲ್ಲಿ ಕಳೆದ ದಿನ ತೋಟದ ಕೆಲಸಕ್ಕೆ ಸಿಗುವುದಿಲ್ಲ. ಒಲೆ ಸುಧಾರಿಸುವುದು ಸಹ ಜಮೀನು ಸುಧಾರಿಸುವ ಕೆಲಸವೇ.

ಒಂದು ಹಂಡೆ ನೀರಿಗೆ ಎಷ್ಟು ಸೌದೆ?

ಮೊದಲು ಲೆಕ್ಕ ನೋಡೋಣ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕಿಲೋ ಕ್ಯಾಲರಿ ಶಾಖ ಬೇಕು. ಐದಾರು ಮಂದಿಯ ಕುಟುಂಬಕ್ಕೆ 100 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಬೇಕೆಂದು ಇಟ್ಟುಕೊಳ್ಳಿ. ಆಗ ಬೇಕಾಗುವ ಶಾಖ 100 x 40, ಅಂದರೆ 4,000 ಕಿಲೋ ಕ್ಯಾಲರಿ.

ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ ಸುಮಾರು 3,500 ಕಿಲೋ ಕ್ಯಾಲರಿ ಶಾಖ ಕೊಡುತ್ತದೆ. ಎಲ್ಲ ಶಾಖವೂ ನೀರಿಗೇ ಸೇರುವುದಾದರೆ ಒಂದು ಕಿಲೋಗಿಂತ ತುಸು ಹೆಚ್ಚು ಸೌದೆ ಸಾಕು. ಆದರೆ ಯಾವ ಒಲೆಯಲ್ಲೂ ಹಾಗಾಗುವುದಿಲ್ಲ. ಶಾಖದ ಒಂದು ಪಾಲು ಹೊಗೆಯ ಜೊತೆ ಹೊರಹೋಗುತ್ತದೆ, ಒಂದು ಪಾಲು ಒಲೆಯ ಗೋಡೆಯನ್ನು ಕಾಯಿಸುತ್ತದೆ, ಇನ್ನೊಂದು ಪಾಲು ಉರಿಯದೆ ಉಳಿದ ಅನಿಲದಲ್ಲೇ ನಷ್ಟವಾಗುತ್ತದೆ. ನೀರಿಗೆ ಸೇರಿದ ಪಾಲನ್ನು ಒಲೆಯ ದಕ್ಷತೆ ಎನ್ನುತ್ತೇವೆ.

ಮೂರು ಕಲ್ಲಿನ ಮೇಲೆ ಹಂಡೆ ಇಟ್ಟ ತೆರೆದ ಒಲೆಯ ದಕ್ಷತೆ ಸಾಮಾನ್ಯವಾಗಿ ಶೇಕಡ 10ರಿಂದ 15. ಸರಿಯಾಗಿ ಕಟ್ಟಿದ, ಜಾಲರಿ ಮತ್ತು ಹೊಗೆಕೊಳವೆ ಇರುವ ಒಲೆಯಲ್ಲಿ ಶೇಕಡ 25ನ್ನು ಮನೆಮಟ್ಟದಲ್ಲೇ ಸಾಧಿಸಬಹುದು. ಶೇಕಡ 12.5 ದಕ್ಷತೆಯ ಒಲೆಗೆ ಮೇಲಿನ ಹಂಡೆ ನೀರಿಗೆ ದಿನಕ್ಕೆ ಸುಮಾರು 9.1 ಕಿಲೋ ಸೌದೆ ಬೇಕು. ಶೇಕಡ 25ರ ಒಲೆಗೆ ಸುಮಾರು 4.6 ಕಿಲೋ ಸಾಕು. ದಿನಕ್ಕೆ 4.5 ಕಿಲೋ ಉಳಿದರೆ ವರ್ಷಕ್ಕೆ 1,640 ಕಿಲೋ, ಅಂದರೆ ಒಂದೂವರೆ ಟನ್ನಿಗೂ ಹೆಚ್ಚು. ಒಂದು ಮನೆಯ ಒಂದು ಹಂಡೆಯ ಲೆಕ್ಕ ಇದು.

ಸೌದೆ ಉರಿಯುವ ಬಗೆ

ಸೌದೆ ಹಾಗೆಯೇ ಉರಿಯುತ್ತದೆ ಎಂದು ನಮಗೆ ಕಾಣುತ್ತದೆ. ವಾಸ್ತವವಾಗಿ ಅದು ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲು ಸೌದೆಯಲ್ಲಿನ ನೀರು ಆವಿಯಾಗುತ್ತದೆ. ಬಳಿಕ ಕಾವೇರಿದಂತೆ ಕಟ್ಟಿಗೆ ಒಡೆದು ಉರಿಯುವ ಅನಿಲಗಳನ್ನು ಬಿಡುತ್ತದೆ. ಒಣ ಸೌದೆಯ ತೂಕದ ಸುಮಾರು ಮುಕ್ಕಾಲು ಪಾಲು ಹೀಗೆ ಅನಿಲವಾಗಿಯೇ ಹೊರಬರುತ್ತದೆ. ನಾವು ನೋಡುವ ಜ್ವಾಲೆ ಈ ಅನಿಲದ್ದು. ಕೊನೆಗೆ ಉಳಿಯುವ ಇದ್ದಿಲು ಕೆಂಡವಾಗಿ ಉರಿಯುತ್ತದೆ.

ಆ ಅನಿಲ ಪೂರ್ತಿ ಉರಿಯಬೇಕಾದರೆ ಮೂರು ಅನುಕೂಲಗಳು ಬೇಕು: ಸಾಕಷ್ಟು ಗಾಳಿ, ಸಾಕಷ್ಟು ಕಾವು, ಅನಿಲವೂ ಗಾಳಿಯೂ ಬೆರೆಯಲು ಸ್ವಲ್ಪ ಜಾಗ ಮತ್ತು ಸಮಯ. ಇವುಗಳಲ್ಲಿ ಒಂದು ಕಡಿಮೆಯಾದರೂ ಅನಿಲ ಅರ್ಧ ಉರಿದು ಹೊಗೆಯಾಗುತ್ತದೆ. ಆದ್ದರಿಂದ ಕಪ್ಪು ಹೊಗೆ ಕಂಡಾಗಲೆಲ್ಲ ಉರಿಯದ ಸೌದೆಯೇ ಗಾಳಿಗೆ ಹೋಗುತ್ತಿದೆ ಎಂದು ತಿಳಿಯಬೇಕು. ಗಾಳಿ ಅತಿಯಾದರೂ ನಷ್ಟವೇ. ಬೇಡದ ತಣ್ಣನೆಯ ಗಾಳಿ ಒಲೆಯೊಳಗೆ ನುಗ್ಗಿ, ಕಾದು, ಹೊಗೆಕೊಳವೆಯಿಂದ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ದೊಡ್ಡ ಬಾಯಿಯ ಒಲೆಗಳ ಮುಖ್ಯ ದೋಷ ಇದು.

ಲಭ್ಯವಿರುವ ನಾಲ್ಕು ಬಗೆಯ ಒಲೆಗಳು

1. ತೆರೆದ ಒಲೆ: ಮೂರು ಕಲ್ಲು ಅಥವಾ ಮೂರು ಕಡೆ ಮಣ್ಣಿನ ಗೋಡೆ, ಮೇಲೆ ಹಂಡೆ. ಕಟ್ಟಲು ಖರ್ಚಿಲ್ಲ, ಎಂಥ ಕುಂಟೆಯನ್ನಾದರೂ ತುರುಕಬಹುದು. ಆದರೆ ಸೌದೆಯ ಖರ್ಚು ಅತ್ಯಧಿಕ, ಹೊಗೆಯೆಲ್ಲ ಬಚ್ಚಲಲ್ಲೇ ನಿಲ್ಲುತ್ತದೆ. ಕಟ್ಟುವಾಗ ಅಗ್ಗ, ಉರಿಸುವಾಗ ದುಬಾರಿ.

2. ಹೂತ ಹಂಡೆಯ ಸುಧಾರಿತ ಒಲೆ: ಮನೆಯಲ್ಲಿ ಇರುವ ಹಂಡೆಯನ್ನೇ ಇಟ್ಟಿಗೆ, ಮಣ್ಣಿನ ಕಟ್ಟಡದಲ್ಲಿ ಕೂರಿಸಿ, ಕೆಳಗೆ ಕಂಬಿ ಜಾಲರಿ, ಸುತ್ತ ಬಿಸಿಗಾಳಿ ಸುತ್ತುವ ಸಂದು, ಹಿಂದೆ ಹೊಗೆಕೊಳವೆ ಇಟ್ಟು ಕಟ್ಟುವುದು. ಜಾಲರಿ, ಕೊಳವೆ ಮತ್ತು ಒಬ್ಬ ಗಾರೆಯವನ ಕೂಲಿ ಬಿಟ್ಟರೆ ಬೇರೆ ಖರ್ಚು ಕಡಿಮೆ. ಹಂಡೆ ಇರುವ ಸಾಮಾನ್ಯ ರೈತ ಕುಟುಂಬಕ್ಕೆ ಇದೇ ಹೆಚ್ಚು ಸೂಕ್ತ.

3. ಬಂಬು: ನಡುವೆ ಉರಿಯ ಕೊಳವೆ, ಸುತ್ತ ನೀರು ಇರುವ ತಾಮ್ರದ ಅಥವಾ ತಗಡಿನ ಪಾತ್ರೆ. ಉತ್ತರ ಕರ್ನಾಟಕದಲ್ಲಿ ಇದು ಬಹಳ ಹಿಂದಿನಿಂದ ಬಳಕೆಯಲ್ಲಿದೆ. ನೀರು ಬೇಗ ಕಾಯುತ್ತದೆ, ಬೇಕಾದ ಕಡೆ ಎತ್ತಿಟ್ಟುಕೊಳ್ಳಬಹುದು. ಆದರೆ ಸಣ್ಣದಾಗಿ ಸೀಳಿದ ಸೌದೆಯೇ ಬೇಕು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ತೆಂಗಿನ ಚಿಪ್ಪು ಇದಕ್ಕೆ ಹೇಳಿಸಿದವು. ಹೊರಮೈಯಿಂದ ಶಾಖ ಸೋರುವುದರಿಂದ ನೀರು ಬಹಳ ಹೊತ್ತು ಬಿಸಿಯಾಗಿ ಉಳಿಯುವುದಿಲ್ಲ.

4. ಕಾರ್ಖಾನೆಯಲ್ಲಿ ತಯಾರಾದ ಬಾಯ್ಲರು: ಉಕ್ಕಿನ ಅಥವಾ ಸ್ಟೇನ್‌ಲೆಸ್ ಉಕ್ಕಿನ ತೊಟ್ಟಿ, ನಲ್ಲಿಗೆ ಜೋಡಣೆ, ಹೊರಗೆ ಶಾಖ ಹಿಡಿದಿಡುವ ಹೊದಿಕೆ. ಮನೆಯಲ್ಲಿ ಮಂದಿ ಹೆಚ್ಚಿದ್ದು, ಎರಡು ಮೂರು ಕಡೆ ಬಿಸಿನೀರು ಬೇಕಾದವರಿಗೆ ಅನುಕೂಲ. ಬೆಲೆ ಹೆಚ್ಚು. ಇಂಥದನ್ನು ಕೊಳ್ಳುವಾಗ ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು: ಹಬೆ ಹೊರಹೋಗಲು ಸದಾ ತೆರೆದಿರುವ ಒಂದು ಕೊಳವೆ ಇರಲೇಬೇಕು. ನೀರು ಬರುವ ದಾರಿ, ಹೋಗುವ ದಾರಿ ಎರಡೂ ಮುಚ್ಚಿ ಉರಿ ಹಾಕಿದರೆ ಹಬೆಯ ಒತ್ತಡದಿಂದ ತೊಟ್ಟಿ ಸಿಡಿಯುವ ಅಪಾಯವಿದೆ. ನೀರಿಲ್ಲದೆ ಉರಿ ಹಾಕಲೂ ಕೂಡದು.

ತಾಮ್ರದ ಹಂಡೆಯಾದರೆ ಸೌದೆ ಉಳಿಯುತ್ತದೆ ಎಂಬ ನಂಬಿಕೆ ಇದೆ. ತಾಮ್ರ ಶಾಖವನ್ನು ಉತ್ತಮವಾಗಿ ಸಾಗಿಸುವುದು ನಿಜ. ಆದರೆ ಶಾಖಕ್ಕೆ ಇರುವ ದೊಡ್ಡ ತಡೆ ಲೋಹವಲ್ಲ. ಹಂಡೆಯ ಹೊರಮೈಗೆ ಅಂಟಿದ ಗಾಳಿಯ ಪದರ ಮತ್ತು ಮಸಿ. ಆದ್ದರಿಂದ ಸೌದೆಯ ಲೆಕ್ಕದಲ್ಲಿ ತಾಮ್ರಕ್ಕೂ ಉಕ್ಕಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ತಾಮ್ರದ ಹೆಚ್ಚುಗಾರಿಕೆ ಅದರ ಬಾಳಿಕೆ ಮತ್ತು ಹಳೆಯದಾದರೂ ದೊರೆಯುವ ಬೆಲೆ. ಅಜ್ಜನ ಕಾಲದ ಹಂಡೆ ಇದ್ದರೆ ಮಾರಬೇಡಿ. ಇಲ್ಲದಿದ್ದರೆ ತಾಮ್ರವೇ ಬೇಕೆಂದು ಸಾಲ ಮಾಡಬೇಡಿ.

ಒಳ್ಳೆಯ ಒಲೆಯ ಲಕ್ಷಣಗಳು

ನಮ್ಮ ರಾಜ್ಯದಲ್ಲಿ ಒಲೆಯ ಬಗ್ಗೆ ವೈಜ್ಞಾನಿಕ ಕೆಲಸ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರ ಕೇಂದ್ರವಿತ್ತು. ಅಲ್ಲಿನ ಅನುಭವದಿಂದ ರೂಪುಗೊಂಡ ಮೂರು ಪಾತ್ರೆಯ ಅಸ್ತ್ರ ಒಲೆ 1980ರ ದಶಕದಲ್ಲಿ ರಾಜ್ಯದ ಅನೇಕ ಹಳ್ಳಿಗಳನ್ನು ತಲುಪಿತು. ಆ ಒಲೆಯ ತತ್ವಗಳೇ ಹಂಡೆ ಒಲೆಗೂ ಅನ್ವಯಿಸುತ್ತವೆ. ಒಲೆ ಕೊಳ್ಳುವವರೂ ಕಟ್ಟಿಸುವವರೂ ಈ ಕೆಳಗಿನವುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಕಂಬಿ ಜಾಲರಿ: ಸೌದೆ ನೆಲದ ಮೇಲೆ ಬಿದ್ದು ಉರಿಯಬಾರದು. ಒಂದು ಸೆಂಟಿಮೀಟರ್ ಸಂದಿರುವ ಎರಕದ ಕಬ್ಬಿಣದ ಜಾಲರಿಯ ಮೇಲೆ ಉರಿಯಬೇಕು. ಗಾಳಿ ಕೆಳಗಿನಿಂದ ಬಂದು ಕೆಂಡದ ಮೂಲಕ ಹಾಯುತ್ತದೆ, ಬೂದಿ ತಾನೇ ಕೆಳಗೆ ಬೀಳುತ್ತದೆ. ಜಾಲರಿಯ ಕೆಳಗೆ ಬೂದಿ ತೆಗೆಯಲು ಪ್ರತ್ಯೇಕ ಕಿಂಡಿ ಇರಬೇಕು. ಈ ಕಿಂಡಿ ಬೂದಿಯಿಂದ ತುಂಬಿಕೊಂಡರೆ ಜಾಲರಿ ಇದ್ದೂ ಇಲ್ಲದಂತೆ.

ಉರಿಗೂಡಿನ ಬಾಯಿ: ಎರಡು ಮೂರು ಸೀಳು ಸೌದೆ ಹಿಡಿಯುವಷ್ಟು ಸಾಕು. ಅಗಲ 20 ಸೆಂಟಿಮೀಟರ್, ಎತ್ತರ 15 ಸೆಂಟಿಮೀಟರಿಗಿಂತ ದೊಡ್ಡದು ಬೇಡ. ತಗಡಿನ ಮುಚ್ಚಳ ಇದ್ದರೆ ಉತ್ತಮ.

ಜಾಲರಿಗೂ ಹಂಡೆಗೂ ಅಂತರ: ಸುಮಾರು ಒಂದು ಗೇಣು, ಅಂದರೆ 20ರಿಂದ 23 ಸೆಂಟಿಮೀಟರ್. ಇದಕ್ಕಿಂತ ಹತ್ತಿರವಾದರೆ ಜ್ವಾಲೆ ತಣ್ಣನೆಯ ಹಂಡೆಗೆ ಬಡಿದು ಆರಿ ಮಸಿಯಾಗುತ್ತದೆ. ದೂರವಾದರೆ ಶಾಖ ಗೋಡೆಯ ಪಾಲಾಗುತ್ತದೆ.

ಹಂಡೆಯ ಸುತ್ತಿನ ಸಂದು: ಬಿಸಿಗಾಳಿ ಹಂಡೆಯ ತಳಕ್ಕೆ ತಾಗಿ ನೇರವಾಗಿ ಕೊಳವೆಗೆ ಹೋಗಬಾರದು. ಹಂಡೆಯ ಪಕ್ಕಗಳನ್ನೂ ಸುತ್ತಿ ಹೋಗಬೇಕು. ಅದಕ್ಕಾಗಿ ಹಂಡೆಗೂ ಗೋಡೆಗೂ ನಡುವೆ ಎರಡು ಬೆರಳಿನಷ್ಟು, ಸುಮಾರು 3 ಸೆಂಟಿಮೀಟರ್ ಸಂದು ಬಿಡಬೇಕು. ಹೊಗೆ ಹೊರಬೀಳುವ ತೂತು ಉರಿಗೂಡಿನ ಬಾಯಿಗೆ ಎದುರು ಬದಿಯಲ್ಲಿ, ಹಂಡೆಯ ಹೆಗಲ ಹತ್ತಿರ ಇರಲಿ. ಹೆಗಲ ಸುತ್ತ ಸಂದನ್ನು ಮಣ್ಣಿನಿಂದ ಬಿಗಿಯಾಗಿ ಮುಚ್ಚಬೇಕು.

ಒಳಗೋಡೆ: ದಪ್ಪ ಮಣ್ಣಿನ ಗೋಡೆ ಶಾಖವನ್ನು ಕುಡಿಯುತ್ತದೆ. ಉರಿಗೂಡಿನ ಇಟ್ಟಿಗೆಯ ಹಿಂದೆ ಭತ್ತದ ಹೊಟ್ಟಿನ ಬೂದಿಯನ್ನು ಸ್ವಲ್ಪ ಜೇಡಿಮಣ್ಣಿನೊಡನೆ ಕಲೆಸಿ ತುಂಬಿದರೆ ಶಾಖ ಒಳಗೇ ಉಳಿಯುತ್ತದೆ. ಇದಕ್ಕೆ ಹಣ ಬೇಕಿಲ್ಲ. ಅಕ್ಕಿ ಗಿರಣಿಯ ಹಿಂದೆ ಬಿದ್ದಿರುವ ವಸ್ತು.

ಹೊಗೆಕೊಳವೆ: 100 ಲೀಟರಿನ ಹಂಡೆಗೆ 10 ಸೆಂಟಿಮೀಟರ್ ಒಳ ಅಡ್ಡಳತೆಯ ಕೊಳವೆ ಸಾಕು. ಎತ್ತರ 3 ಮೀಟರಿಗಿಂತ ಕಡಿಮೆ ಇರಬಾರದು, ತುದಿ ಮಾಡಿನ ನೆತ್ತಿಗಿಂತ ಎರಡು ಅಡಿ ಮೇಲಿರಬೇಕು. ಸೂರಿನ ಕೆಳಗೆ ಕೊನೆಗೊಂಡ ಕೊಳವೆಗೆ ಗಾಳಿ ಹೊಡೆದರೆ ಹೊಗೆ ಹಿಂದಕ್ಕೆ ಬರುತ್ತದೆ. ಮಳೆನೀರು ಬೀಳದಂತೆ ಟೋಪಿ ಇರಲಿ. ಹಿಂದೆ ಕಲ್ನಾರು ಸಿಮೆಂಟಿನ ಕೊಳವೆ ಬಳಸುವುದು ವಾಡಿಕೆಯಾಗಿತ್ತು. ಕಲ್ನಾರಿನ ಎಳೆ ಶ್ವಾಸಕೋಶಕ್ಕೆ ಮಾರಕವೆಂದು ಈಗ ಖಚಿತವಾಗಿದೆ. ಹೊಸದಾಗಿ ಹಾಕುವವರು ಸುಟ್ಟ ಮಣ್ಣಿನ ಅಥವಾ ಉಕ್ಕಿನ ತಗಡಿನ ಕೊಳವೆ ಹಾಕಬೇಕು. ಹಳೆಯ ಕಲ್ನಾರು ಕೊಳವೆಯನ್ನು ಗರಗಸದಿಂದ ಕೊಯ್ಯುವುದಾಗಲೀ ಒಡೆಯುವುದಾಗಲೀ ಮಾಡಬಾರದು. ಕೊಳವೆ ಮಾಡನ್ನು ಹಾಯುವ ಕಡೆ ಪಕಾಸಿ, ರೀಪುಗಳಿಂದ ಒಂದೂವರೆ ಅಡಿ ದೂರವಿರಲಿ. ಸೋಗೆ ಅಥವಾ ಹುಲ್ಲಿನ ಮಾಡಾದರೆ ಕೊಳವೆಯನ್ನು ಮಾಡಿನ ಮೂಲಕ ಒಯ್ಯಲೇಬಾರದು. ಗೋಡೆಯಾಚೆ ತೆಗೆದು, ಮಾಡಿನಿಂದ ದೂರವಾಗಿಯೇ ಮೇಲಕ್ಕೆ ಏರಿಸಬೇಕು.

ಮುಚ್ಚಳ: ಹಂಡೆಯ ಬಾಯಿಗೆ ಬಿಗಿಯಾದ ಮರದ ಅಥವಾ ತಗಡಿನ ಮುಚ್ಚಳ ಇರಲಿ. ತೆರೆದ ಹಂಡೆಯಿಂದ ಹಬೆಯಾಗಿ ಹೋಗುವ ಒಂದೊಂದು ಲೀಟರ್ ನೀರೂ 500ಕ್ಕೂ ಹೆಚ್ಚು ಕಿಲೋ ಕ್ಯಾಲರಿ ಶಾಖವನ್ನು ಕೊಂಡೊಯ್ಯುತ್ತದೆ.

ಅಡ್ಡತಗಡಿನ ವಿಷಯದಲ್ಲಿ ಎಚ್ಚರಿಕೆ

ಹೊಗೆಕೊಳವೆಯ ಬುಡದಲ್ಲಿ ಅಡ್ಡಲಾಗಿ ಜರುಗುವ ತಗಡೊಂದನ್ನು ಇಟ್ಟು, ಉರಿ ಹೊತ್ತಿದ ಮೇಲೆ ಸ್ವಲ್ಪ ಮುಚ್ಚಿ ಗಾಳಿಯ ಸೆಳೆತ ತಗ್ಗಿಸುವುದು ಸೌದೆ ಉಳಿಸುವ ಒಳ್ಳೆಯ ಉಪಾಯ. ಆದರೆ ಈ ತಗಡಿನ ವಿಷಯದಲ್ಲಿ ನಾನೇ ಮಾಡಿದ ತಪ್ಪೊಂದನ್ನು ಇಲ್ಲಿ ಹೇಳದೆ ಇರಲಾರೆ.

ನಮ್ಮ ಊರಿನ ಮನೆಯ ಬಚ್ಚಲ ಒಲೆಯನ್ನು ನಾನೇ ನಿಂತು ಕಟ್ಟಿಸಿದೆ. ಸೌದೆ ಅರ್ಧಕ್ಕೆ ಇಳಿಯಿತು. ತಾಯಿಯವರು ಕಣ್ಣುರಿ ಇಲ್ಲವೆಂದು ಊರಿಗೆಲ್ಲ ಹೇಳಿದರು. ಉತ್ಸಾಹದಲ್ಲಿ ನಾನು ಇನ್ನೊಂದು ಸಲಹೆ ಕೊಟ್ಟೆ: ‘ಉರಿ ಆರಿದ ಮೇಲೆ ತಗಡನ್ನು ಪೂರ್ತಿ ಮುಚ್ಚಿ, ಶಾಖ ಒಳಗೇ ಉಳಿದು ಬೆಳಗಿನವರೆಗೂ ನೀರು ಬಿಸಿ ಇರುತ್ತದೆ.’ ಜುಲೈ ತಿಂಗಳ ಒಂದು ಸಂಜೆ ನನ್ನ ತಮ್ಮ ಗದ್ದೆಯಿಂದ ಬಂದು, ಗಾಳಿಮಳೆಗೆ ಬಚ್ಚಲ ಬಾಗಿಲು, ಕಿಟಕಿ ಎರಡನ್ನೂ ಹಾಕಿಕೊಂಡು ಸ್ನಾನಕ್ಕೆ ಕುಳಿತ. ಜ್ವಾಲೆ ಆರಿತ್ತು, ತಗಡು ಮುಚ್ಚಿತ್ತು, ಒಳಗೆ ಕೆಂಡ ಮಾತ್ರ ನಿಗಿನಿಗಿ ಇತ್ತು. ಹೊಗೆ ಎಳ್ಳಷ್ಟೂ ಇರಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಚೊಂಬು ಬಿದ್ದ ಸದ್ದು ಕೇಳಿ ತಾಯಿಯವರು ಬಾಗಿಲು ಬಡಿದರು. ಉತ್ತರ ಬರಲಿಲ್ಲ. ಬಾಗಿಲು ಒದ್ದು ತೆಗೆದು ಅವನನ್ನು ಜಗಲಿಗೆ ಎಳೆದು ತಂದರು. ಗಾಳಿಗೆ ಅವನಿಗೆ ಎಚ್ಚರವಾಯಿತು. ಎರಡು ದಿನ ತಲೆನೋವು, ವಾಂತಿ ಇತ್ತು. ಆಸ್ಪತ್ರೆಗೆ ಒಯ್ದು ತೋರಿಸಿದೆವು. ಅವನು ಉಳಿದದ್ದು ಚೊಂಬು ಬಿದ್ದ ಸದ್ದಿನಿಂದ.

ಕಾರಣ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ. ಗಾಳಿ ಸಾಲದೆ ಉರಿಯುವ ಕೆಂಡ ಇದನ್ನು ಬಿಡುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂಡಬೇಕಾದ ಜಾಗದಲ್ಲಿ ಇದು ಕೂಡಿಕೊಂಡು ಮನುಷ್ಯನನ್ನು ಉಸಿರಿದ್ದಂತೆಯೇ ಉಸಿರುಗಟ್ಟಿಸುತ್ತದೆ. ಹೊಗೆ ಇಲ್ಲವೆಂದರೆ ಅಪಾಯವಿಲ್ಲ ಎಂದು ನಾವು ತಿಳಿದಿದ್ದೇವೆ. ಈ ಅನಿಲದ ವಿಷಯದಲ್ಲಿ ಅದು ತಪ್ಪು. ಆದ್ದರಿಂದ ಈ ನಾಲ್ಕು ನಿಯಮಗಳನ್ನು ತಪ್ಪದೆ ಪಾಲಿಸಬೇಕು.

1. ಅಡ್ಡತಗಡಿನಲ್ಲಿ ಒಂದು ಅಂಗುಲ ಅಗಲದ ಕಚ್ಚು ಕೊರೆಸಬೇಕು. ತಗಡನ್ನು ಪೂರ್ತಿ ದೂಡಿದರೂ ಅನಿಲ ಹೋಗಲು ದಾರಿ ಉಳಿಯಬೇಕು. ಕೆಂಡ ಇರುವಾಗ ಅರ್ಧಕ್ಕಿಂತ ಹೆಚ್ಚು ಮುಚ್ಚಬಾರದು.

2. ಸಾಧ್ಯವಿರುವಲ್ಲೆಲ್ಲ ಉರಿಗೂಡಿನ ಬಾಯಿ ಬಚ್ಚಲ ಹೊರಗೆ ಇರುವಂತೆ ಕಟ್ಟಬೇಕು. ಹಂಡೆ ಒಳಗೆ, ಉರಿ ಹೊರಗೆ. ಬಾಯಿಯ ಮೇಲೆ ಮಳೆಗೆ ಒಂದು ಚಿಕ್ಕ ಇಳಿಮಾಡು ಸಾಕು.

3. ಬಚ್ಚಲ ಗೋಡೆಯಲ್ಲಿ ಕೆಳಗೊಂದು, ಮೇಲೊಂದು ಮುಚ್ಚಲಾಗದ ಗಾಳಿಕಿಂಡಿ ಇರಬೇಕು.

4. ಕೆಂಡದ ಬಾಣಲೆಯನ್ನು ಕಾವಿಗಾಗಿ ಮುಚ್ಚಿದ ಬಚ್ಚಲಲ್ಲಾಗಲೀ ಬಾಣಂತಿಯ ಕೋಣೆಯಲ್ಲಾಗಲೀ ಇಡಬಾರದು. ತಲೆ ಸುತ್ತು, ತಲೆನೋವು, ವಾಕರಿಕೆ ಕಂಡ ಕೂಡಲೇ ಹೊರಗೆ ಗಾಳಿಗೆ ಬಂದು, ಆಸ್ಪತ್ರೆಗೆ ಹೋಗಬೇಕು.

ಹೊಗೆಯ ಹಾನಿ ನಿಧಾನವಾದದ್ದು, ಆದರೆ ಚಿಕ್ಕದಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಮುಂದೆ ಹೆಚ್ಚು ಹೊತ್ತು ಕೂರುವ ಹೆಂಗಸರು ಮತ್ತು ಅವರ ಕಂಕುಳಲ್ಲಿರುವ ಮಕ್ಕಳೇ ಇದಕ್ಕೆ ಹೆಚ್ಚು ಬಲಿಯಾಗುವವರು.

ಸೌದೆ ಒಣಗಿರಲಿ

ಎಂಥ ಒಳ್ಳೆಯ ಒಲೆಯೂ ಹಸಿ ಸೌದೆಯನ್ನು ಒಳ್ಳೆಯದು ಮಾಡಲಾರದು. ಆಗ ತಾನೇ ಕಡಿದ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರಿರಬಹುದು. ಅಂಥ ಒಂದು ಕಿಲೋ ಸೌದೆಯಿಂದ ಸಿಗುವ ಶಾಖ ಸುಮಾರು 1,900 ಕಿಲೋ ಕ್ಯಾಲರಿ ಮಾತ್ರ. ಅದೂ ತಣ್ಣಗೆ, ಹೊಗೆಯಾಡುತ್ತ ಉರಿದು ಕೊಳವೆಯಲ್ಲಿ ಟಾರಿನಂಥ ಅಂಟನ್ನು ಬಿಡುತ್ತದೆ. ಈ ಅಂಟು ದಪ್ಪವಾಗಿ ಬೆಳೆದರೆ ಒಂದು ದಿನ ಕೊಳವೆಯೊಳಗೇ ಬೆಂಕಿ ಹತ್ತಬಹುದು.

ಡಿಸೆಂಬರ್ ಜನವರಿಯಲ್ಲಿ ಕಡಿದು, ಮಣಿಕಟ್ಟಿನ ದಪ್ಪಕ್ಕೆ ಸೀಳಿ, ನೆಲಕ್ಕೆ ತಾಗದಂತೆ ಅಡ್ಡಗಳುಗಳ ಮೇಲೆ ಸಂದು ಬಿಟ್ಟು ಒಟ್ಟಬೇಕು. ಬೇಸಗೆಯ ಬಿಸಿಲು, ಗಾಳಿ ಎರಡೂ ತಾಗಬೇಕು. ಮೇ ಮೂರನೆಯ ವಾರದೊಳಗೆ ಮಾಡಿನ ಕೆಳಗೆ ಸೇರಿಸಬೇಕು. ಎರಡು ತುಂಡು ಬಡಿದಾಗ ಠಣ್ಣೆಂದು ಸದ್ದಾದರೆ, ತುದಿಯಲ್ಲಿ ಬಿರುಕು ಕಂಡರೆ ಒಣಗಿದೆ ಎಂದರ್ಥ.

ಗೇರುಬೀಜದ ಸಿಪ್ಪೆ, ಹೊಳಗೇರಿನ ಕಟ್ಟಿಗೆ ಒಲೆಗೆ ಬೇಡ. ಇವುಗಳ ಸೊನೆ ಮೈಮೇಲೆ ಗುಳ್ಳೆ ಎಬ್ಬಿಸುವಂಥದು, ಹೊಗೆಯೂ ಹಿತವಲ್ಲ. ಪ್ಲಾಸ್ಟಿಕ್, ಗೊಬ್ಬರದ ಚೀಲ, ಬಣ್ಣ ಬಳಿದ ಹಲಗೆ ಇವನ್ನಂತೂ ಹಾಕಲೇಬಾರದು. ಅಡಿಕೆ ಹಾಳೆ, ತೆಂಗಿನ ಗರಿಯ ದಿಂಡು, ಚಿಪ್ಪು ಚೆನ್ನಾಗಿ ಉರಿಯುತ್ತವೆ. ಆದರೆ ದರಗು, ಸೊಪ್ಪು, ಸಗಣಿ ಗೊಬ್ಬರದ ಗುಂಡಿಗೇ ಹೋಗಲಿ. ಬೇಲಿಯಲ್ಲಿ ಗ್ಲಿರಿಸಿಡಿಯ ನೆಟ್ಟರೆ ಎಲೆ ಗೊಬ್ಬರಕ್ಕೂ ಕೋಲು ಒಲೆಗೂ ಆಗುತ್ತದೆ. ಬೆಟ್ಟದ ಮೇಲಿನ ಹೊರೆ ಆ ಮಟ್ಟಿಗೆ ಇಳಿಯುತ್ತದೆ.

ಖರ್ಚು, ಉಳಿತಾಯದ ಲೆಕ್ಕ

ಅಗ್ಗದ ಒಲೆ ಯಾವುದು ಎಂಬುದನ್ನು ಅಂಗಡಿಯ ಬೆಲೆಯಿಂದ ತೀರ್ಮಾನಿಸಬಾರದು. ಒಲೆಯ ಬೆಲೆಗೆ ಅದು ವರ್ಷಕ್ಕೆ ತಿನ್ನುವ ಸೌದೆಯ ಬೆಲೆ ಸೇರಿಸಿ ನೋಡಬೇಕು. ಉದಾಹರಣೆಗೆ, ಜಾಲರಿ, ಕೊಳವೆ, ಕೂಲಿ ಸೇರಿ ಸುಧಾರಿತ ಒಲೆಗೆ 6,000 ರೂಪಾಯಿ ಆಯಿತೆನ್ನಿ; ಸೌದೆ ಕಿಲೋಗೆ 5 ರೂಪಾಯಿ ಎನ್ನಿ. ಮೇಲಿನ ಲೆಕ್ಕದಂತೆ ವರ್ಷಕ್ಕೆ 1,640 ಕಿಲೋ ಸೌದೆ ಉಳಿದರೆ 8,200 ರೂಪಾಯಿ. ಹಾಕಿದ ಹಣ ಒಂಬತ್ತು ತಿಂಗಳಲ್ಲಿ ಹಿಂದಿರುಗುತ್ತದೆ. ನಿಮ್ಮ ಊರಿನ ದರ ಹಾಕಿ ಇದೇ ಲೆಕ್ಕ ಮಾಡಿಕೊಳ್ಳಿ.

‘ಸೌದೆ ನಮ್ಮ ಬೆಟ್ಟದ್ದೇ, ಕೊಳ್ಳುವುದಿಲ್ಲ’ ಎನ್ನುವವರು ಆಳಿನ ಲೆಕ್ಕ ಮಾಡಬೇಕು. ಒಬ್ಬರು ಒಂದು ದಿನದಲ್ಲಿ 40 ಕಿಲೋ ಸೌದೆ ಕಡಿದು, ಹೊತ್ತು, ಸೀಳುತ್ತಾರೆಂದು ಇಟ್ಟುಕೊಂಡರೂ 1,640 ಕಿಲೋಗೆ 41 ದಿನ. ಈ ದಿನಗಳು ಹೆಚ್ಚಾಗಿ ಮನೆಯ ಹೆಂಗಸರವು. ಲೆಕ್ಕದ ಪುಸ್ತಕದಲ್ಲಿ ಬರೆಯದಿರುವುದರಿಂದ ಅವು ಖರ್ಚಲ್ಲವೆಂದು ತಿಳಿಯಬಾರದು.

ಬಯಲುಸೀಮೆಯಲ್ಲಿ ವರ್ಷದ ಬಹುಕಾಲ ಬಿಸಿಲಿರುವ ಕಡೆ ಸೌರ ನೀರುಕಾಸುವ ಸಾಧನವನ್ನು ಮೊದಲು ಪರಿಶೀಲಿಸುವುದು ಒಳಿತು. ಮಲೆನಾಡಿನವರೂ ಅಕ್ಟೋಬರಿನಿಂದ ಮೇವರೆಗೆ ಅದನ್ನು ಬಳಸಿ, ಮಳೆಗಾಲಕ್ಕೆ ಮಾತ್ರ ಸೌದೆ ಒಲೆ ಇಟ್ಟುಕೊಳ್ಳಬಹುದು.

ಮನೆಯಲ್ಲೇ ಪರೀಕ್ಷೆ

ಮಾರುವವರ ಮಾತಿಗಿಂತ ನಿಮ್ಮ ತಕ್ಕಡಿ ಹೆಚ್ಚು ನಂಬಿಕೆಗೆ ಅರ್ಹ. ಒಂದು ತಕ್ಕಡಿ, ಒಂದು ಉಷ್ಣಮಾಪಕ, ಒಂದು ಅಳತೆಯ ಕೊಡ ಸಾಕು.

ಹಂಡೆಗೆ ಹಾಕಿದ ನೀರಿನ ಲೀಟರು ಮತ್ತು ಅದರ ಉಷ್ಣತೆ ಬರೆದುಕೊಳ್ಳಿ. 6 ಕಿಲೋ ಒಣ ಸೌದೆ ತೂಗಿ ಇಟ್ಟುಕೊಂಡು ಉರಿ ಹಾಕಿ. ನೀರು 60 ಡಿಗ್ರಿ ತಲುಪಿದಾಗ ಉರಿ ತೆಗೆದು, ಉಳಿದ ಸೌದೆ ತೂಗಿ. ಲೀಟರನ್ನು ಏರಿದ ಡಿಗ್ರಿಯಿಂದ ಗುಣಿಸಿ, ಸುಟ್ಟ ಸೌದೆಯ ಕಿಲೋವನ್ನು 35ರಿಂದ ಗುಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಶೇಕಡ ದಕ್ಷತೆ ಬರುತ್ತದೆ. ಉದಾಹರಣೆ: 100 ಲೀಟರ್, 40 ಡಿಗ್ರಿ ಏರಿಕೆ, 4.5 ಕಿಲೋ ಸೌದೆ. 4,000ವನ್ನು 157.5ರಿಂದ ಭಾಗಿಸಿದರೆ 25.4. ಹಳೆಯ ಒಲೆ ಕೆಡವುವ ಮೊದಲು ಅದನ್ನೂ ಹೀಗೆ ಅಳೆದಿಟ್ಟುಕೊಳ್ಳಬೇಕು. ಇಲ್ಲವಾದರೆ ಹೊಸದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಕೊಳವೆಯ ಸೆಳೆತ ನೋಡಲು ಉರಿಯುತ್ತಿರುವ ಒಲೆಯ ಬಾಯಿಯ ಬಳಿ ಊದುಕಡ್ಡಿ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಎಳೆಯಲ್ಪಟ್ಟರೆ ಸರಿ, ಹೊರಕ್ಕೆ ತಳ್ಳಲ್ಪಟ್ಟರೆ ಕೊಳವೆ ಕಟ್ಟಿದೆ ಅಥವಾ ಗಿಡ್ಡವಾಗಿದೆ.

ಕಟ್ಟಿದ ಮೇಲಿನ ಆರೈಕೆ

1983ರಿಂದ 2002ರವರೆಗೆ ನಡೆದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಕೋಟ್ಯಂತರ ಒಲೆಗಳನ್ನು ಕಟ್ಟಲಾಯಿತು. ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಒಲೆಯ ತತ್ವ ತಪ್ಪಾಗಿರಲಿಲ್ಲ. ಕೊಳವೆ ಕಟ್ಟಿದಾಗ, ಮಣ್ಣು ಬಿರಿದಾಗ ಸರಿಪಡಿಸುವವರು ಇರಲಿಲ್ಲ. ದೊಡ್ಡ ಕುಂಟೆ ಹಿಡಿಯಲಿಲ್ಲವೆಂದು ಬಾಯಿ ಅಗಲ ಮಾಡಿದರು. ವಿಸ್ತರಣಾ ಕಾರ್ಯಕರ್ತರು ಈ ಪಾಠ ಮರೆಯಬಾರದು. ಒಲೆ ಕಟ್ಟಿಸಿ ಫೋಟೋ ತೆಗೆಸಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಒಲೆಯ ಮುಂದೆ ಕೂರುವವರನ್ನು ಮೊದಲು ಕೇಳಿ, ಅವರ ಎತ್ತರಕ್ಕೆ, ಅವರ ಸೌದೆಗೆ ಹೊಂದುವಂತೆ ಕಟ್ಟಬೇಕು.

ವಾರಕ್ಕೊಮ್ಮೆ ಜಾಲರಿಯ ಕೆಳಗಿನ ಬೂದಿ ತೆಗೆಯಬೇಕು. ತಿಂಗಳಿಗೊಮ್ಮೆ ಉದ್ದ ಬಿದಿರಿಗೆ ತೆಂಗಿನ ನಾರು ಕಟ್ಟಿ ಕೊಳವೆಯ ಮಸಿ ಉಜ್ಜಬೇಕು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಹಂಡೆ ಎತ್ತಿ ತಳದ ಮಸಿ ಕೆರೆದು, ಬಿರುಕಿಗೆ ಮಣ್ಣು ಮೆತ್ತಬೇಕು.

ತೆಗೆದ ಬೂದಿಯನ್ನು ಚೆಲ್ಲಬೇಡಿ. ಸೌದೆಯ ತೂಕದ ಶೇಕಡ 1ರಿಂದ 2ರಷ್ಟು ಬೂದಿ ದೊರೆಯುತ್ತದೆ. ಅದರಲ್ಲಿ ಪೊಟ್ಯಾಷ್ ಮತ್ತು ಹೇರಳ ಸುಣ್ಣದ ಅಂಶವಿದ್ದು, ಮಲೆನಾಡಿನ ಹುಳಿ ಮಣ್ಣಿಗೆ ಹಿತಕರ. ಮಳೆಗೆ ನೆನೆದರೆ ಪೊಟ್ಯಾಷ್ ತೊಳೆದು ಹೋಗುವುದರಿಂದ ಡಬ್ಬದಲ್ಲಿಟ್ಟು ಅಡಿಕೆ, ಬಾಳೆ, ತೆಂಗಿನ ಬುಡಕ್ಕೆ ಹಾಕಿ. ಯೂರಿಯಾ, ಅಮೋನಿಯಂ ಗೊಬ್ಬರ ಅಥವಾ ಹಸಿ ಸಗಣಿಯೊಡನೆ ಮಾತ್ರ ಬೆರೆಸಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ನೆನಪಿಡಬೇಕಾದ ಅಂಶಗಳು

• ಹಂಡೆ ಇರುವವರು ಅದನ್ನೇ ಬಳಸಿ ಜಾಲರಿ, ಸುತ್ತುಸಂದು, ಹೊಗೆಕೊಳವೆ ಇರುವ ಒಲೆ ಕಟ್ಟಿಸುವುದು ಹೆಚ್ಚು ಮಿತವ್ಯಯದ ಮಾರ್ಗ.

• ಒಲೆಯ ಬೆಲೆಯ ಜೊತೆಗೆ ವರ್ಷದ ಸೌದೆಯನ್ನೂ, ಹೊರುವವರ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

• ಚಿಕ್ಕ ಬಾಯಿ, ಎತ್ತರದ ಕೊಳವೆ, ಒಣ ಸೌದೆ, ಹಂಡೆಗೆ ಮುಚ್ಚಳ.

• ಉರಿಯ ಬಾಯಿ ಬಚ್ಚಲ ಹೊರಗಿರಲಿ. ಕೆಂಡ ಇರುವವರೆಗೆ ಕೊಳವೆಯ ದಾರಿ ಮುಚ್ಚಬೇಡಿ.

ಈ ಮಳೆಗಾಲ ಬರುವುದರೊಳಗೆ ನಿಮ್ಮ ಬಚ್ಚಲ ಒಲೆಯನ್ನು ಒಮ್ಮೆ ತೂಕ ಹಾಕಿ ಅಳೆಯಿರಿ. ಬೇರೆ ಏನನ್ನೂ ಈಗಲೇ ಮಾಡಲಾಗದಿದ್ದರೂ ಬಚ್ಚಲ ಗೋಡೆಗೆ ಎರಡು ಗಾಳಿಕಿಂಡಿಗಳನ್ನಂತೂ ಇಂದೇ ತೆಗೆಸಿ. ಅದಕ್ಕೆ ಬೇಕಾದದ್ದು ಒಂದು ಉಳಿ, ಒಂದು ಸುತ್ತಿಗೆ, ಅರ್ಧ ದಿನದ ಕೆಲಸ.